ಎರಡು ಕುದಿ ಬಂದ ಪುಡಿ

ನನ್ನ ಭಾವನನ್ನು ಆ ಪೆಟ್ಟಿಗೆಯೊಳಗೆ ಕೂರಿಸಿದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಚಾಳಿ ನನಗಿದೆ ಎಂದು ಅಕ್ಕ ಯಾವಾಗಲೂ ಅನ್ನುತ್ತಾಳೆ. ಪೆಟ್ಟಿಗೆ ಎಂದರೆ ಲಿಫ್ಟು. ಆರು ಮಹಡಿಯ ಹಳೆಯ ಆಸ್ಪತ್ರೆ, ಅದಕ್ಕೆ ಎರಡು ಲಿಫ್ಟು, ಎರಡಕ್ಕೂ ನಾನೇ ಮೆಕ್ಯಾನಿಕ್ಕು. ಹೊಸದಕ್ಕೆ ಗುಂಡಿ ಒತ್ತಿದರೆ ಸಾಕು, ಮನುಷ್ಯ ಬೇಡ. ಹಳೆಯದಕ್ಕೆ ಎರಡು ಜಾಲರಿ ಬಾಗಿಲು, ಒಂದು ಹಿತ್ತಾಳೆ ಹಿಡಿ, ಆ ಹಿಡಿ ತಿರುಗಿಸಲು ಸ್ಟೂಲಿನ ಮೇಲೆ ಕೂತ ಒಬ್ಬ ಆಸಾಮಿ ಬೇಕೇ ಬೇಕು. ಸ್ಟ್ರೆಚರ್ ಹಿಡಿಸುವುದು ಹಳೆಯದರಲ್ಲಿ ಮಾತ್ರ. ಹಾಗಾಗಿ ಅದನ್ನು ಕಿತ್ತುಹಾಕುವ ಮಾತು ವರ್ಷಕ್ಕೊಮ್ಮೆ ಏಳುತ್ತದೆ, ಅಲ್ಲೇ ಮಲಗುತ್ತದೆ.

ಭಾವ ಮೊದಲು ಬಸ್ ಕಂಡಕ್ಟರ್ ಆಗಿದ್ದರು. ನಿಂತವರನ್ನು ಇನ್ನೂ ಒಳಗೆ ತಳ್ಳುತ್ತಲೇ ನಗಿಸುವ ಕಲೆ ಅವರದು. ಮೂವತ್ತೈದರ ಹೊತ್ತಿಗೆ ಹೊಟ್ಟೆ ಕೈಕೊಟ್ಟಿತು. ದಿನಕ್ಕೆ ಹತ್ತು ಹನ್ನೆರಡು ಸಲ ಓಡುವುದು, ಜೊತೆಗೆ ರಕ್ತ. ದೊಡ್ಡ ಕರುಳಿನ ಒಳಗೋಡೆ ಹುಣ್ಣಾಗುವ ಕಾಯಿಲೆ, ಪೂರ್ತಿ ಹೋಗುವುದಿಲ್ಲ, ಮಾತ್ರೆಯಲ್ಲಿ ತಗ್ಗುತ್ತದೆ, ಮನಸ್ಸು ಬಂದಾಗ ಮತ್ತೆ ಏಳುತ್ತದೆ ಎಂದರು ಡಾಕ್ಟರು. ಬಸ್ಸು ಪ್ರಯಾಣಿಕರಿಗಾಗಿ ನಿಲ್ಲುತ್ತದೆ, ಕಂಡಕ್ಟರನ ಹೊಟ್ಟೆಗಾಗಿ ನಿಲ್ಲುವುದಿಲ್ಲ. ಒಂದು ದಿನ ಎರಡು ನಿಲ್ದಾಣಗಳ ನಡುವೆ ಏನೋ ಆಯಿತು. ಏನೆಂದು ಭಾವ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಅಕ್ಕ ಆ ಪ್ಯಾಂಟನ್ನು ಒಗೆಯದೆ ಸುಟ್ಟುಹಾಕಿದಳು. ಮಾರನೆಯ ದಿನದಿಂದ ಅವರು ಬಸ್ಸು ಹತ್ತಲಿಲ್ಲ.

ನಾಲ್ಕು ತಿಂಗಳು ಮನೆಯಲ್ಲಿ ಕೂತರು. ಆಗ ನಾನು ದೊಡ್ಡ ಮನುಷ್ಯನ ಹಾಗೆ ಹೋಗಿ, ನಮ್ಮ ಆಸ್ಪತ್ರೆಯಲ್ಲಿ ಲಿಫ್ಟಿನ ಕೆಲಸ ಖಾಲಿ ಇದೆ, ನೆರಳಲ್ಲಿ ಕೂತು ಮಾಡುವ ಕೆಲಸ, ನೂಕುನುಗ್ಗಲಿಲ್ಲ, ಮಹಡಿಗೊಂದು ಟಾಯ್ಲೆಟ್ಟು ಎಂದು ವರ್ಣಿಸಿದೆ. ಅಕ್ಕನ ಕಣ್ಣಲ್ಲಿ ನೀರು ಬಂತು. ನನಗೆ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿಯಾಯಿತು. ಮಹಡಿಗೊಂದು ಟಾಯ್ಲೆಟ್ಟು ಇದೆ ನಿಜ, ಆದರೆ ಲಿಫ್ಟಿನವನು ಲಿಫ್ಟು ಬಿಟ್ಟು ಇಳಿಯುವಂತಿಲ್ಲ ಎಂಬ ನಿಯಮ ಆ ಹೊತ್ತಿಗೆ ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಆ ನಿಯಮ ಸುಮ್ಮನೆ ಮಾಡಿದ್ದಲ್ಲ. ಯಾವ ಗಳಿಗೆಯಲ್ಲಿ ಯಾವ ಸ್ಟ್ರೆಚರ್ ಬರುತ್ತದೋ ಯಾರಿಗೆ ಗೊತ್ತು. ಬೆಳಗ್ಗೆ ಏಳಕ್ಕೆ ಕೂತರೆ ಹನ್ನೊಂದಕ್ಕೊಮ್ಮೆ, ಒಂದಕ್ಕೊಮ್ಮೆ ಬದಲಿಯವನು ಬಂದು ಕಾಲು ಗಂಟೆ ಹಿಡಿ ಹಿಡಿಯುತ್ತಾನೆ. ನಡುವೆ ಎದ್ದರೆ ಗೇಟಿನ ಕಾವಲುಗಾರನಿಗೆ ಫೋನ್ ಮಾಡಿ, ಅವನು ಇನ್ನೊಬ್ಬನನ್ನು ಹುಡುಕಿ ಕಳಿಸಬೇಕು. ಅಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ. ಮೊದಲ ವರ್ಷವೇ ಒಂದು ದಿನ ಭಾವ ತಡೆಯಲಾರದೆ ಎರಡನೇ ಮಹಡಿಯಲ್ಲಿ ಲಿಫ್ಟು ನಿಲ್ಲಿಸಿ ಓಡಿದರು. ಅದೇ ಆರು ನಿಮಿಷದಲ್ಲಿ ಕೆಳಗೆ ಒಬ್ಬ ಹೆರಿಗೆಯ ಹೆಂಗಸು ಸ್ಟ್ರೆಚರಿನ ಮೇಲೆ ಕಾದಿದ್ದಳು. ಅವಳಿಗೆ ಏನೂ ಆಗಲಿಲ್ಲ. ಭಾವನಿಗೆ ಮೆಮೊ ಬಂತು, ಇನ್ನೊಂದು ಸಲ ಹೀಗಾದರೆ ಕೆಲಸವಿಲ್ಲ ಎಂದು. ಎಲ್ಲಿ ಹೋಗಿದ್ದೆ ಎಂದು ಕೇಳಿದವರಿಗೆ ಬೀಡಿ ಸೇದಲು ಹೋಗಿದ್ದೆ ಅಂದರಂತೆ. ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ನಾನೂ ಅದನ್ನು ನಂಬಿ, ಮಷೀನ್ ರೂಮಿನಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕಿದ್ದೆ.

ಅಲ್ಲಿಂದ ಭಾವ ಒಂದು ಉಪಾಯ ಕಂಡುಕೊಂಡರು. ಹೊಟ್ಟೆಗೆ ಹಾಕಿದರೆ ತಾನೇ ಹೊಟ್ಟೆಯ ಕಾಟ? ಹಿಂದಿನ ದಿನ ಸಂಜೆ ಏಳಕ್ಕೆ ಉಂಡರೆ ಮತ್ತೆ ಬಾಯಿ ತೆರೆಯುವುದು ಮಾರನೆಯ ಮಧ್ಯಾಹ್ನ ಮೂರೂಕಾಲಿಗೆ, ಕೆಲಸ ಮುಗಿದ ಮೇಲೆ. ನಡುವೆ ಎರಡು ಗುಟುಕು ನೀರು, ಅದೂ ಹನ್ನೊಂದಕ್ಕೆ. ಕ್ಯಾಂಟೀನಿನವರು ಅವರಿಗೆ ಗಾಳಿಯಣ್ಣ ಎಂದು ಹೆಸರಿಟ್ಟರು, ಗಾಳಿ ಕುಡಿದು ಬದುಕುವವನು ಎಂದು. ಕೆಲವರಿಗೆ ಅವರು ಜಿಪುಣ, ಕೆಲವರಿಗೆ ಜಂಭದವ. ಆ ಹೆಸರಿನಿಂದ ನಾನೂ ಕರೆದಿದ್ದೇನೆ. ಕಾಯಿಲೆ ಎಂದೋ ಹೋಯಿತು, ಈಗಿರುವುದು ಮನುಷ್ಯನ ವಿಚಿತ್ರ ಸ್ವಭಾವ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಅಷ್ಟೊಂದು ಮಾತಾಡುತ್ತಿದ್ದವರು ಲಿಫ್ಟಿನಲ್ಲಿ ಮಹಡಿಯ ಸಂಖ್ಯೆ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ಇನ್ನು ಮನೆಯ ಕಡೆ ಅಕ್ಕನ ಯುದ್ಧ. ಕಾಯಿಲೆ ಶುರುವಾದಾಗ ಯಾರೋ ಡಾಕ್ಟರು, ಕುದಿಸಿದ ನೀರು ಕೊಡಿ, ಸೋಂಕು ತಗಲದ ಹಾಗೆ ನೋಡಿಕೊಳ್ಳಿ ಎಂದಿದ್ದರು. ಅವರು ಹೇಳಿದ್ದು ಒಂದು ಮಾತು, ಅಕ್ಕ ಅದನ್ನು ಹನ್ನೊಂದು ವರ್ಷ ಹಿಡಿದಳು. ನೀರು ಎರಡು ಕುದಿ ಬರಬೇಕು. ಒಂದು ಕುದಿಗೆ ಗಟ್ಟಿ ಕ್ರಿಮಿ ಸಾಯುವುದಿಲ್ಲ ಎನ್ನುವುದು ಅವಳದೇ ಸಂಶೋಧನೆ. ಭಾವನ ತಟ್ಟೆ, ಲೋಟ, ಚಮಚ ಬೇರೆ, ಅವೂ ಕುದಿಯಬೇಕು. ಹಣ್ಣು ಕೂಡ ಬೇಯದೆ ಅವರ ಬಾಯಿಗೆ ಹೋಗುವಂತಿಲ್ಲ. ಅವರ ಮನೆಯ ಅಡುಗೆಕೋಣೆಯ ಗೋಡೆ ಹಬೆಗೆ ಸುಣ್ಣ ಬಿಟ್ಟು ಉಬ್ಬಿತ್ತು. ನಾನು ಒಮ್ಮೆ ಪೇರಲೆಹಣ್ಣು ತಂದುಕೊಟ್ಟಾಗ ಅಕ್ಕ ಅದನ್ನು ಪಾತ್ರೆಗೆ ಹಾಕಿ ಒಲೆ ಹಚ್ಚಿದಳು. ಸಿಟ್ಟು ಬಂದು, ನನ್ನನ್ನೂ ಕುದಿಸಿಬಿಡು ಅಂದೆ. ನಿನ್ನ ನಾಲಿಗೆ ಒಂದನ್ನೇ ಕುದಿಸಬೇಕು ಅಂದಳು.

ಐದನೇ ಮಹಡಿಯಲ್ಲಿ ಕರುಳಿನ ರೋಗಗಳ ಡಾಕ್ಟರಮ್ಮ ಒಬ್ಬರಿದ್ದಾರೆ. ಚಿಕ್ಕ ಆಳು, ದೊಡ್ಡ ಕನ್ನಡಕ, ಮಾತು ಮಾತ್ರ ಸೂಜಿಮದ್ದಿನ ಹಾಗೆ ನೇರ. ಅವರು ದಿನಾ ಭಾವನ ಲಿಫ್ಟಿನಲ್ಲೇ ಹೋಗುತ್ತಿದ್ದರು. ಒಂದು ಬೆಳಗ್ಗೆ ಭಾವ ಹಿಡಿಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು, ಹಣೆಯಲ್ಲಿ ಬೆವರಿಳಿಸಿಕೊಂಡು ಕೂತಿದ್ದನ್ನು ನೋಡಿ, ಐದು ಮಹಡಿ ಏರುವಷ್ಟರಲ್ಲಿ ಮೂರು ಪ್ರಶ್ನೆ ಕೇಳಿದರಂತೆ. ಎಷ್ಟು ವರ್ಷದಿಂದ? ರಕ್ತ ಇದೆಯಾ? ಯಾಕೆ ಊಟ ಮಾಡಲ್ಲ? ಹತ್ತು ವರ್ಷದಲ್ಲಿ ಅದನ್ನು ಕೇಳಿದ ಮೊದಲನೆಯವರು ಅವರೇ. ಭಾವ ಮೂರಕ್ಕೂ ನಿಜ ಹೇಳಿದರು. ನನಗೆ ವಿಷಯ ಗೊತ್ತಾದದ್ದೂ ಆಮೇಲೆಯೇ. ದಿನಾ ಒಂದೇ ಕಟ್ಟಡದಲ್ಲಿ ಇದ್ದ ನಾನು ಹತ್ತು ವರ್ಷ ಏನು ಮಾಡುತ್ತಿದ್ದೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಡಾಕ್ಟರಮ್ಮ ಆಗ ಒಂದು ಅಧ್ಯಯನ ಶುರು ಮಾಡಿದ್ದರು. ಭಾವನಂಥ ಅರವತ್ತು ರೋಗಿಗಳು. ಮಾಮೂಲಿ ಮಾತ್ರೆಯ ಜೊತೆಗೆ ದಿನಕ್ಕೊಂದು ಪುಡಿಯ ಪೊಟ್ಟಣ. ಅರ್ಧ ಜನರ ಪೊಟ್ಟಣದಲ್ಲಿ ಒಳ್ಳೆಯ ಜಾತಿಯ ಬ್ಯಾಕ್ಟೀರಿಯಾ, ಒಂದೊಂದರಲ್ಲೂ ಕೋಟಿಗಟ್ಟಲೆ, ಎಲ್ಲ ಜೀವಂತ. ಇನ್ನರ್ಧಕ್ಕೆ ಬರೀ ಪುಡಿ. ಯಾರದು ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ, ಪಟ್ಟಿ ಬೇರೆ ಯಾರ ಬೀರುವಿನಲ್ಲೋ ಬೀಗ ಹಾಕಿ ಇಟ್ಟಿದೆ. ಪೊಟ್ಟಣವನ್ನು ಫ್ರಿಜ್ಜಿನಲ್ಲಿಡಬೇಕು, ತಣ್ಣನೆಯ ನೀರಿನಲ್ಲಿ ಕಲಸಿ ಕುಡಿಯಬೇಕು, ಬಿಸಿ ತಗಲಿಸಬಾರದು, ದಿನಾ ಒಂದು ಹಾಳೆಯಲ್ಲಿ ಗುರುತು ಹಾಕಬೇಕು. ಆರು ತಿಂಗಳು ಇದು. ಗುಣ ಕಂಡವರಿಗೆ ಇನ್ನೊಂದು ವರ್ಷ ಮುಂದುವರಿಸುತ್ತಾರೆ.

ಕ್ರಿಮಿಯನ್ನೇ ಕುಡಿದರೆ ಹೊಟ್ಟೆ ಹೇಗೆ ಸರಿಯಾಗುತ್ತದೆ ಎಂದು ನಾನು ಕೇಳಿದೆ. ಭಾವ ಡಾಕ್ಟರಮ್ಮನಿಂದ ಕಲಿತದ್ದನ್ನು ತಮ್ಮ ಭಾಷೆಯಲ್ಲಿ ಹೇಳಿದರು. ಕರುಳಿನ ಗೋಡೆಯ ಹಿಂದೆ ಮೈಯ ಕಾವಲುಗಾರರು ದಂಡುಗಟ್ಟಿ ಕೂತಿರುತ್ತಾರೆ, ದೇಹದ ಬೇರೆಲ್ಲೂ ಅಷ್ಟು ಜನ ಇಲ್ಲ. ಯಾರು ಹೊರಗಿನವರು, ಯಾರು ದಿನಾ ಬಂದುಹೋಗುವವರು ಎಂದು ಅವರಿಗೆ ತಿಳಿದಿರಬೇಕು. "ನನ್ನ ಒಳಗಿರೋ ಕಾವಲುಗಾರನಿಗೆ ತಲೆ ಕೆಟ್ಟಿದೆ ಕಣೋ. ಸಿಬ್ಬಂದಿಯನ್ನೇ ಗೇಟಲ್ಲಿ ಹಿಡಿದು ಬಡೀತಾನೆ, ಬಡಿಯೋ ಭರದಲ್ಲಿ ಗೋಡೆನೂ ಒಡೀತಾನೆ. ಈ ಒಳ್ಳೆ ಬ್ಯಾಕ್ಟೀರಿಯಾ ಹೋಗಿ ಅವನ ಕೈ ಹಿಡಿದು, ಸಾಕು ಬಿಡಪ್ಪ ಅನ್ನಬೇಕು." ಅವು ಗೋಡೆಯ ಮೇಲಿನ ಲೋಳೆಯನ್ನು ದಪ್ಪ ಮಾಡಬಹುದು, ಕೆಟ್ಟವಕ್ಕೆ ಜಾಗ ಸಿಗದ ಹಾಗೆ ಮಾಡಬಹುದು, ಕಾವಲುಗಾರರಲ್ಲೇ ಉಳಿದವರನ್ನು ಹದ್ದುಬಸ್ತಿನಲ್ಲಿಡುವ ಕೆಲವರಿದ್ದಾರಂತೆ, ಅಂಥವರ ಸಂಖ್ಯೆ ಹೆಚ್ಚಿಸಬಹುದು. ಎಲ್ಲಕ್ಕೂ ಡಾಕ್ಟರಮ್ಮ ಬಹುದು ಬಹುದು ಎಂದೇ ಹೇಳಿದರಂತೆ. ಎಲ್ಲ ಜಾತಿಯ ಬ್ಯಾಕ್ಟೀರಿಯಾ ಇದನ್ನು ಮಾಡುವುದಿಲ್ಲ, ಎಲ್ಲರ ಹೊಟ್ಟೆಯಲ್ಲೂ ಮಾಡುವುದಿಲ್ಲ, ಬಂದವು ನಾಲ್ಕು ದಿನ ಇದ್ದು ಹೊರಟುಹೋಗುತ್ತವೆ. ಅದಕ್ಕೇ ದಿನಾ ಕುಡಿಯಬೇಕು, ಅದಕ್ಕೇ ಈ ಅಧ್ಯಯನ.

ಎರಡು ತಿಂಗಳಾಯಿತು. ಭಾವ ಹನ್ನೊಂದು ಗಂಟೆಗೆ ಒಂದು ಬಿಸ್ಕತ್ತು ತಿಂದರು. ಮೂರನೇ ತಿಂಗಳು ಬೆಳಗ್ಗೆ ಬ್ರೆಡ್ಡು ತಿಂದು ಬಂದರು. ಕ್ಯಾಂಟೀನಿನವರು, ಗಾಳಿಯಣ್ಣ ಇವತ್ತು ಚಹಾ ಕುಡಿದ ಎಂದು ಸುದ್ದಿ ಹಬ್ಬಿಸಿದರು. ರಕ್ತ ನಿಂತಿತು. ಪರೀಕ್ಷೆಯ ವರದಿಗಳೂ ಇಳಿಮುಖ. ಲಿಫ್ಟಿನಲ್ಲಿ ಬಸ್ಸಿನ ಕಾಲದ ದನಿ ಕೇಳತೊಡಗಿತು, "ಮುಂದೆ ಹೋಗಿ, ಮುಂದೆ ಹೋಗಿ, ಗೋಡೆ ಇನ್ನೂ ದೂರ ಇದೆ." ಆ ಮಾತು ಕೇಳಿ ನಾನು ಮಷೀನ್ ರೂಮಿನಲ್ಲಿ ಒಬ್ಬನೇ ನಕ್ಕೆ, ಕಣ್ಣೂ ಒರೆಸಿಕೊಂಡೆ. ಮಷೀನ್ ರೂಮು ಇರುವುದು ಆರನೇ ಮಹಡಿಯ ಮೇಲೆ. ಲಿಫ್ಟಿನ ಹಗ್ಗ ಇಳಿಯುವ ತೂತಿನಿಂದ ಕೆಳಗಿನ ಮಾತೆಲ್ಲ ಅಲ್ಲಿಗೆ ಕೇಳಿಸುತ್ತದೆ.

ನಾಲ್ಕನೇ ತಿಂಗಳಲ್ಲಿ ಒಂದು ಭಾನುವಾರ ಬೆಳಗ್ಗೆ ಅಕ್ಕನ ಮನೆಗೆ ಹೋದೆ. ಅಕ್ಕ ಒಲೆಯ ಮುಂದೆ ನಿಂತಿದ್ದಳು. ಸಣ್ಣ ಪಾತ್ರೆಯಲ್ಲಿ ಬೆಳ್ಳನೆಯ ನೀರು ಕೊತಕೊತ ಕುದಿಯುತ್ತಿತ್ತು, ಪಕ್ಕದಲ್ಲಿ ಹರಿದ ಪೊಟ್ಟಣ. ಇದೇನಕ್ಕಾ ಅಂದೆ. ಅವರ ಪುಡಿ, ಇನ್ನೊಂದು ಕುದಿ ಬರಲಿ, ಆರಿಸಿ ತಣ್ಣಗೆ ಮಾಡಿಯೇ ಕೊಡುತ್ತೇನೆ, ಡಾಕ್ಟರಮ್ಮ ತಣ್ಣಗೆ ಕೊಡಿ ಎಂದಿದ್ದಾರೆ ಅಂದಳು. ಕುದಿಸದೆ ಅವರ ಹೊಟ್ಟೆಗೆ ಏನನ್ನೂ ಬಿಟ್ಟವಳಲ್ಲ ನಾನು ಎಂದು ಹೆಮ್ಮೆಯಿಂದ ಸೌಟು ಆಡಿಸಿದಳು. ನನಗೆ ನಗು ಒತ್ತರಿಸಿ ಬಂತು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಭಾವ ಬಂದು ನನ್ನ ರಟ್ಟೆ ಹಿಡಿದರು, ಹಿಡಿದುಕೊಂಡೇ ಹಿತ್ತಲಿಗೆ ಎಳೆದುಕೊಂಡು ಹೋದರು.

"ಅವಳಿಗೆ ಹೇಳ್ಬೇಡ," ಅಂದರು.

ಅವರಿಗೆ ಗೊತ್ತಾಗಿ ತಿಂಗಳಾಗಿತ್ತು. ಅಷ್ಟು ಹೊತ್ತಿಗಾಗಲೇ ಅವರು ಬ್ರೆಡ್ಡು ತಿನ್ನುತ್ತಿದ್ದರು. ಕುದಿಸಿದರೆ ಪುಡಿಯಲ್ಲಿ ಜೀವವಿದ್ದರೂ ಸಾಯುತ್ತದೆ ಎಂದು ಅವರಿಗೂ ಗೊತ್ತು. ಆದರೆ ಗುಣವಾಗಿದೆಯಲ್ಲ! ಏನನ್ನು ಅಲುಗಾಡಿಸಿದರೆ ಏನು ಬಿದ್ದುಹೋಗುತ್ತದೋ ಎಂದು ಹೆದರಿ ಅವರು ಯಾವುದನ್ನೂ ಮುಟ್ಟಲಿಲ್ಲ. ಹಾಳೆಯಲ್ಲಿ, ತಣ್ಣೀರಿನಲ್ಲಿ ಕಲಸಿ ಕುಡಿದೆ ಎಂಬುದರ ಮುಂದೆ ದಿನಾ ಗುರುತು ಹಾಕಿದರು. ಅಕ್ಕನಿಗೆ ಹೇಳಿದರೆ, ಹನ್ನೊಂದು ವರ್ಷ ಹಬೆಯಲ್ಲಿ ನಿಂತವಳಿಗೆ, ನೀನೇ ನನ್ನ ಮದ್ದು ಕೊಂದೆ ಅಂದ ಹಾಗಾಗುತ್ತದೆ. ಡಾಕ್ಟರಮ್ಮನಿಗೆ ಹೇಳಿದರೆ ಅಧ್ಯಯನದಿಂದ ಹೊರಗೆ, ಪೊಟ್ಟಣ ಬಂದ್. ಪೊಟ್ಟಣ ನಿಂತು ಹೊಟ್ಟೆ ಮತ್ತೆ ಎದ್ದರೆ ಹಳೆಯ ಉಪವಾಸ, ಹಳೆಯ ಬೆವರು, ಒಂದು ದಿನ ಇನ್ನೊಂದು ಮೆಮೊ. ಹೇಳದಿದ್ದರೆ ದಿನಕ್ಕೊಂದು ಸುಳ್ಳು. ಮೊದಲು ಒಂದು ಪೆಟ್ಟಿಗೆಯಲ್ಲಿ ಇದ್ದೆ, ಈಗ ಎರಡರಲ್ಲಿದ್ದೇನೆ ಎಂದು ಅವರು ನಗಲು ನೋಡಿದರು, ನಗು ಬರಲಿಲ್ಲ. ನಾನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹಾಗೆ ನಾನೂ ಒಳಗೆ ಸೇರಿಕೊಂಡೆ.

ಆರನೇ ತಿಂಗಳು ಹತ್ತಿರ ಬಂತು. ಡಾಕ್ಟರಮ್ಮನಿಗೆ ಭಾವನನ್ನು ಕಂಡರೆ ಮುಖ ಅರಳುತ್ತಿತ್ತು. ಒಂದು ದಿನ ಲಿಫ್ಟಿನಲ್ಲಿ, ನಿಮ್ಮಂಥ ಏಳೆಂಟು ಜನರ ವರದಿ ಚೆನ್ನಾಗಿದೆ, ಇದೇ ಆಧಾರದ ಮೇಲೆ ಮುಂದೆ ಮಕ್ಕಳ ವಾರ್ಡಿನಲ್ಲೂ ಅಧ್ಯಯನ ಮಾಡಲು ಅನುಮತಿ ಕೇಳುತ್ತೇನೆ ಅಂದರು. ಭಾವ ಆ ದಿನ ಮೂರನೇ ಮಹಡಿಗೆ ಹೋಗಬೇಕಿದ್ದವರನ್ನು ನಾಲ್ಕರಲ್ಲಿ ಇಳಿಸಿದರು. ಮೂರನೆಯದು ಮಕ್ಕಳ ವಾರ್ಡು. ಸಂಜೆ ನನ್ನ ಹತ್ತಿರ ಬಂದು, ಆ ಮಕ್ಕಳ ಹೊಟ್ಟೆ ನನ್ನ ಸುಳ್ಳು ಗುರುತಿನ ಮೇಲೆ ನಿಲ್ಲುತ್ತದೆ ಎಂದರು. ಅರವತ್ತರಲ್ಲಿ ಒಬ್ಬರು ನೀವು, ನಿಮ್ಮೊಬ್ಬರಿಂದ ಏನೂ ಆಗಲ್ಲ ಎಂದು ನಾನು ಸಮಾಧಾನ ಹೇಳಿದೆ. ನನಗೂ ಪೊಟ್ಟಣ ನಿಲ್ಲುವುದು ಬೇಕಿರಲಿಲ್ಲ. ನಗುವ ಭಾವ ನನಗೆ ಮತ್ತೆ ಸಿಕ್ಕಿದ್ದರು.

ಅದಾಗಿ ವಾರದೊಳಗೆ ಲಿಫ್ಟು ಕೈಕೊಟ್ಟಿತು. ಇದಕ್ಕೂ ಕಾರಣ ನಾನೇ. ಮೋಟರಿಗೆ ಕರೆಂಟು ಕೊಡುವ ಸ್ವಿಚ್ಚಿನ ತಾಮ್ರದ ತುಂಡುಗಳು ಸವೆದಿದ್ದವು. ಹೊಸವು ನನ್ನ ಕಪಾಟಿನಲ್ಲೇ ಇದ್ದವು. ಮುಂದಿನ ವಾರ ಹಾಕೋಣ ಎಂದು ಮೂರು ವಾರದಿಂದ ಮುಂದೂಡಿದ್ದೆ. ಬೆಳಗ್ಗೆ ಒಂಬತ್ತಕ್ಕೆ ಮಷೀನ್ ರೂಮಿನಲ್ಲಿ ಪಟ್ ಎಂದು ಸದ್ದಾಗಿ, ಸುಟ್ಟ ವಾಸನೆ ಬಂದು, ಚಕ್ರ ನಿಂತಿತು. ತೂತಿನ ಹತ್ತಿರ ಬಗ್ಗಿ ಕೂಗಿದೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಸಿಕ್ಕಿದ್ದೇವೆ, ನಾನೂ ಡಾಕ್ಟರಮ್ಮನೂ ಮಾತ್ರ ಎಂದು ಭಾವನ ದನಿ ಬಂತು. ಎರಡೂ ಕಡೆ ಗೋಡೆ. ಆ ದಿನ ಭಾವ ಬ್ರೆಡ್ಡಷ್ಟೇ ಅಲ್ಲ, ಎರಡು ಮೊಟ್ಟೆಯನ್ನೂ ತಿಂದು ಬಂದಿದ್ದರು, ನನಗೇ ಹೇಳಿದ್ದರು.

ಕೈಯಲ್ಲಿ ಚಕ್ರ ತಿರುಗಿಸಿ ಲಿಫ್ಟು ಇಳಿಸಬಹುದು. ಆದರೆ ಬ್ರೇಕನ್ನು ಎತ್ತಿ ಹಿಡಿಯಲು ಒಬ್ಬ, ಚಕ್ರ ತಿರುಗಿಸಲು ಇನ್ನೊಬ್ಬ ಬೇಕು. ಒಬ್ಬನೇ ಮಾಡಲು ಹೋದರೆ ಪೆಟ್ಟಿಗೆ ನಮ್ಮ ಕೈ ಮೀರಿ ಓಡುತ್ತದೆ. ಬದಲಿಯವನು ಅಂದು ರಜೆ. ಗೇಟಿನ ಕಾವಲುಗಾರನಿಗೆ ಫೋನ್ ಮಾಡಿದೆ. ಆತ ಅರವತ್ತರ ಹತ್ತಿರದ ಭಾರದ ಆಳು, ಮಂಡಿನೋವು, ಹೊಸ ಲಿಫ್ಟಿನ ಮುಂದೆ ಜನ ಸಾಲುಗಟ್ಟಿದ್ದರಿಂದ ಮೆಟ್ಟಿಲು ಹಿಡಿದ. ನಾನು ಬ್ರೇಕಿನ ಸನ್ನೆಕೋಲು ಸಿದ್ಧ ಮಾಡಿಕೊಂಡು, ತೂತಿನ ಪಕ್ಕ ಕೂತೆ.

ಮೊದಲ ಹತ್ತು ನಿಮಿಷ ಅವರಿಬ್ಬರೂ ಅದೂ ಇದೂ ಮಾತಾಡಿದರು. ಆಮೇಲೆ ಸ್ಟೂಲು ಕಿರುಗುಟ್ಟಿದ್ದು ಕೇಳಿತು, ಭಾವ ಎದ್ದು ನಿಂತಿರಬೇಕು. ಎಷ್ಟು ಹೊತ್ತು ಬೇಕೋ ಎಂದು ಮೇಲಕ್ಕೆ ಕೇಳಿದರು. ಈಗ ಬಂದೇಬಿಡ್ತಾನೆ ಎಂದು ಸುಳ್ಳು ಹೇಳಿದೆ. ಕಾವಲುಗಾರ ಆಗ ಎರಡನೇ ಮಹಡಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದ ಎಂದು ಆಮೇಲೆ ತಿಳಿಯಿತು.

"ಡಾಕ್ಟರಮ್ಮ, ನೀವು ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳ್ತೀರಾ?" ಭಾವ ಕೇಳಿದರು.

ಡಾಕ್ಟರಮ್ಮ ಯಾಕೆ ಎಂದು ಕೇಳಲಿಲ್ಲ. ಚಪ್ಪಲಿ ಹೊರಳಿದ ಸದ್ದಾಯಿತು. ಉಸಿರು ನಿಧಾನ ಬಿಡಿ, ನಾನು ಗೋಡೆ ನೋಡ್ತಾ ಮಾತಾಡ್ತೀನಿ, ಏನಾದರೂ ನನಗೆ ಹೊಸದಲ್ಲ, ದಿನಾ ನೋಡೋದು ಅದನ್ನೇ ಎಂದರು. ಭಾವ ಆ ಬಸ್ಸಿನ ದಿನವನ್ನು ನೆನೆದಿರಬೇಕು. ಸುಟ್ಟುಹೋದ ಪ್ಯಾಂಟನ್ನು ನೆನೆದಿರಬೇಕು. ಇದ್ದ ಮಾನವೆಲ್ಲ ಹೋಗುವ ಗಳಿಗೆಯಲ್ಲಿ ಇನ್ನೊಂದನ್ನು ಬಚ್ಚಿಟ್ಟು ಏನು ಬರುತ್ತದೆ ಎಂದು ಅನ್ನಿಸಿತಂತೆ.

"ನಾನು ಹಾಳೆಯಲ್ಲಿ ಸುಳ್ಳು ಗುರುತು ಹಾಕಿದ್ದೀನಿ. ಪುಡಿ ಕುದಿಸಿ ಕುಡಿದೆ. ಆರು ತಿಂಗಳೂ. ಎರಡು ಕುದಿ."

ನಾನು ತೂತಿನ ಅಂಚು ಹಿಡಿದು ಕೂತಿದ್ದೆ. ಡಾಕ್ಟರಮ್ಮ, ಯಾರು ಕುದಿಸಿದ್ದು ಎಂದರು. ನಾನೇ ಎಂದರು ಭಾವ. ಅಲ್ಲಿಯೂ ಅಕ್ಕನ ಹೆಸರು ಬರದ ಹಾಗೆ ನೋಡಿಕೊಂಡರು. ಮಕ್ಕಳ ವಾರ್ಡಿನ ಲೆಕ್ಕದಲ್ಲಿ ನನ್ನನ್ನು ಸೇರಿಸಬೇಡಿ ಎಂದು ಸೇರಿಸಿದರು.

"ಸೇರಿಸೋಕಾಗಲ್ಲ. ಈಗ ನನಗೆ ಗೊತ್ತಾಯ್ತಲ್ಲ," ಅಂದರು ಡಾಕ್ಟರಮ್ಮ. "ನೀವು ತಣ್ಣೀರು ಅಂತ ಬರೆದದ್ದನ್ನು ನಾನು ನಂಬಿ ಇನ್ನೊಬ್ಬರಿಗೆ ಹೇಳ್ತಿದ್ದೆ. ಈಗ ಹೇಳಿದ್ರಿ, ಒಳ್ಳೇದಾಯ್ತು. ಪೊಟ್ಟಣ ಮಾತ್ರ ನಾಳೆಯಿಂದ ಇರಲ್ಲ. ಮಾತ್ರೆ ಬಿಡಬೇಡಿ."

ಅಷ್ಟರಲ್ಲಿ ಕಾವಲುಗಾರ ಬಾಗಿಲಲ್ಲಿ ಕಾಣಿಸಿದ. ಕೂರಲು ಬಿಡದೆ ಅವನ ಕೈಗೆ ಸನ್ನೆಕೋಲು ಕೊಟ್ಟು, ಚಕ್ರಕ್ಕೆ ಬಿದ್ದೆ. ಅಂಗೈ ಸುಲಿದುಹೋಯಿತು. ಮೂರನೇ ಮಹಡಿಗೆ ಪೆಟ್ಟಿಗೆ ತಾಗಿದ್ದೇ ತಡ, ನಾಲ್ಕು ಮಹಡಿ ಮೆಟ್ಟಿಲು ಹಾರಿ ಇಳಿದೆ. ಭಾವ ಓಡುತ್ತಿರಲಿಲ್ಲ. ಓಡಿದರೆ ಕೆಡುತ್ತದೆ ಎಂದು ಬಲ್ಲವರು, ಮೊಣಕಾಲು ಕೂಡಿಸಿ ಗೋಡೆ ಹಿಡಿದು ನಡೆಯುತ್ತಿದ್ದರು. ಮೂರನೇ ಮಹಡಿಯ ಟಾಯ್ಲೆಟ್ಟಿನ ಚಿಲಕ ನಿಲ್ಲುವುದಿಲ್ಲ, ಅದೂ ಅವರಿಗೆ ಗೊತ್ತು. ನಾನು ಹೊರಗೆ ನಿಂತು ಬಾಗಿಲು ಎಳೆದು ಹಿಡಿದುಕೊಂಡೆ. ಸಮಯಕ್ಕೆ ತಲುಪಿದ್ದರು, ಅಷ್ಟು ಹೇಳಿದರೆ ಸಾಕು. ಒಳಗಿನಿಂದ ಅಳುವ ಸದ್ದು ಬಂತು. ಕೇಳಿಸದವನ ಹಾಗೆ ನಿಂತೆ.

ಸುಟ್ಟ ತುಂಡೊಂದನ್ನೇ ಬದಲಿಸಿ ಅಂದೇ ಲಿಫ್ಟು ಓಡಿಸಿದೆ. ಪೊಟ್ಟಣ ಯಾಕೆ ಬರಲಿಲ್ಲ ಎಂದು ಅಕ್ಕ ಎರಡು ದಿನ ಕೇಳಿದಳು. ಮೂರನೆಯ ದಿನ ಭಾವನ ಮುಖ ನೋಡಿ ತಾನೇ ಆಸ್ಪತ್ರೆಗೆ ಬಂದಳು. ಗಂಡನ ಲಿಫ್ಟು ಹತ್ತಿ ಐದನೇ ಮಹಡಿಗೆ ಹೋದಳು. ಜೊತೆಗೆ ನಾನೂ ಹೋದೆ. ಡಾಕ್ಟರಮ್ಮ ಮುಚ್ಚಿಡಲಿಲ್ಲ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ ಎಂದರು. ಅಕ್ಕ ಸೆರಗಿನ ತುದಿ ಬಿಗಿಯಾಗಿ ಸುತ್ತಿಕೊಂಡು ಕೂತಿದ್ದಳು.

"ಹಾಗಾದ್ರೆ ನಾನೇ ಅವರ ಮದ್ದು ಕೊಂದೆನಾ?"

"ಅದು ನನಗೆ ಗೊತ್ತಿಲ್ಲಮ್ಮ," ಅಂದರು ಡಾಕ್ಟರಮ್ಮ. "ಅವರ ಪುಡಿಯಲ್ಲಿ ಜೀವ ಇತ್ತೋ ಇಲ್ವೋ ಅದೇ ಗೊತ್ತಿಲ್ಲ. ಇದ್ದಿದ್ರೂ, ಸತ್ತ ಬ್ಯಾಕ್ಟೀರಿಯಾದ ಸಿಪ್ಪೆಯನ್ನೂ ಕರುಳಿನ ಕಾವಲುಗಾರರು ಗುರುತು ಹಿಡೀತಾರೆ. ಅದರಿಂದ್ಲೂ ಏನಾದ್ರೂ ಆಗಿರಬಹುದು. ಅಥವಾ ಕಾಯಿಲೆ ತಾನಾಗೇ ತಗ್ಗಿರಬಹುದು, ಈ ಕಾಯಿಲೆ ಹಾಗೇನೇ. ಯಾರೂ ಅವರನ್ನ ಕೇಳದೆ ಇದ್ದಿದ್ದನ್ನ ಯಾರೋ ಒಬ್ಬರು ಕೇಳಿದ್ರಿಂದ್ಲೂ ಇರಬಹುದು."

ಅಷ್ಟೊಂದು ಬಹುದುಗಳಲ್ಲಿ ಅಕ್ಕನಿಗೆ ಹಿಡಿದುಕೊಳ್ಳಲು ಒಂದೂ ಸಿಗಲಿಲ್ಲ. ತಪ್ಪು ತನ್ನದೆಂದು ಅಳುವಂತೆಯೂ ಇಲ್ಲ, ಅಲ್ಲವೆಂದು ಉಸಿರು ಬಿಡುವಂತೆಯೂ ಇಲ್ಲ. ಪಟ್ಟಿ ತೆರೆದಾಗ ಹೇಳುತ್ತೀರಾ ಎಂದು ಕೇಳಿದಳು. ಮುಂದಿನ ವರ್ಷ, ಕೇಳಿದರೆ ಹೇಳುತ್ತೇನೆ ಎಂದರು. ಇಳಿಯುವಾಗ ಅಕ್ಕ ಭಾವನಿಗೆ ಹೇಳಿದ್ದು ಒಂದೇ ಮಾತು, ನನಗೆ ಹೇಳಬಾರದಿತ್ತೇನ್ರೀ ಎಂದು. ಭಾವ ನೆಲಮಹಡಿ ಎಂದರು.

ಮಾರನೆಯ ದಿನದಿಂದ ಭಾವ ಮತ್ತೆ ಬೆಳಗಿನ ತಿಂಡಿ ಬಿಟ್ಟರು. ಹೊಟ್ಟೆ ಕೆಟ್ಟಿರಲಿಲ್ಲ, ಕೆಡಬಹುದೆಂಬ ಹೆದರಿಕೆ. ಅಕ್ಕ ತಟ್ಟೆ ಮುಂದಿಟ್ಟರೆ ಸರಿಸುತ್ತಿದ್ದರಂತೆ. ಅವಳು ನನಗೆ ಫೋನ್ ಮಾಡಿ ಬೈದಳು, ಅವರನ್ನು ಅಲ್ಲಿ ಹಾಕಿದವನು ನೀನು, ಏನಾದರೂ ಮಾಡು ಎಂದು. ನಾನೇನು ಡಾಕ್ಟರೇ ಎಂದು ನಾನೂ ಕೂಗಾಡಿದೆ. ಕೂಗಾಡಿ, ಸಿಟ್ಟಿನಲ್ಲೇ ಉಳಿದ ತಾಮ್ರದ ತುಂಡುಗಳನ್ನೂ ಬದಲಿಸಲು ಕೂತೆ. ಕೆಲಸಕ್ಕೆ ಮೊದಲು ಅಭ್ಯಾಸದಂತೆ ಚೀಲದಿಂದ ಬೋರ್ಡು ತೆಗೆದು, ಕೆಳಗೆ ಹೋಗಿ ಜಾಲರಿಗೆ ಸಿಕ್ಕಿಸಿದೆ. ದುರಸ್ತಿಯಲ್ಲಿದೆ, ಹೊಸ ಲಿಫ್ಟು ಬಳಸಿ ಎಂದು ಕೆಂಪಕ್ಷರದಲ್ಲಿ ಬರೆದ ತಗಡು ಅದು. ಒಬ್ಬ ನರ್ಸು ಸ್ಟ್ರೆಚರ್ ತಳ್ಳಿಕೊಂಡು ಬಂದರು, ಬೋರ್ಡು ನೋಡಿದರು, ಎಷ್ಟು ಹೊತ್ತು ಎಂದು ಕೇಳಿದರು. ಹತ್ತು ನಿಮಿಷ ಅಂದೆ. ಸರಿ, ತುರ್ತಿಲ್ಲ ಎಂದು ಗೋಡೆಗೆ ಒರಗಿ ನಿಂತರು. ಯಾರೂ ಮೆಮೊ ಬರೆಯಲಿಲ್ಲ.

ನಾನು ಅಲ್ಲೇ ನಿಂತುಬಿಟ್ಟೆ. ಲಿಫ್ಟಿನವನು ಲಿಫ್ಟು ಬಿಡುವಂತಿಲ್ಲ. ಆದರೆ ಮೆಕ್ಯಾನಿಕ್ಕು ಯಾವಾಗ ಬೇಕಾದರೂ ಹತ್ತು ನಿಮಿಷ ನಿಲ್ಲಿಸಬಹುದು, ತುರ್ತಿದ್ದರೆ ತಾನೇ ಹಿಡಿ ತಿರುಗಿಸಿ ಕರೆದುಕೊಂಡು ಹೋಗಲೂಬಹುದು. ನಾನು ಮೆಕ್ಯಾನಿಕ್ಕು. ಬೆಳಗ್ಗೆ ಏಳರಿಂದ ಮೂರರವರೆಗೆ ಅದೇ ಕಟ್ಟಡದಲ್ಲಿರುತ್ತೇನೆ.

ಕೆಲಸ ಮುಗಿಸಿ ಇಳಿದು ಬಂದು ಭಾವನನ್ನು ಪಕ್ಕಕ್ಕೆ ಕರೆದೆ. ಲಿಫ್ಟಿನ ಒಳಗಿನ ಗಂಟೆ ಮೂರು ಸಲ ಒತ್ತಿ, ನನಗೆ ಮೇಲೆ ಕೇಳುತ್ತದೆ, ಬೋರ್ಡು ಸಿಕ್ಕಿಸಿ ನೀವು ಹೋಗಿ, ಎರಡು ನಿಮಿಷದಲ್ಲಿ ನಾನು ಬಂದು ಹಿಡಿ ಹಿಡಿಯುತ್ತೇನೆ ಎಂದೆ. ಅವರು ಬೋರ್ಡನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಂಚಿನ ಬಣ್ಣ ಹೋಗಿ ತುಕ್ಕು ಹಿಡಿದಿತ್ತು.

"ಇದು ಯಾವಾಗಿಂದ ಇದೆಯೋ ನಿನ್ನ ಹತ್ರ?" ಎಂದು ಕೇಳಿದರು.

ನಾನು ಚೀಲದ ಬಾಯಿ ಕಟ್ಟಿದೆ. ಅವರು ಸ್ಟೂಲಿನ ಕೆಳಗೆ ಅದನ್ನು ಇಟ್ಟುಕೊಂಡು ಕೂತರು. ಮಾರನೆಯ ದಿನ ಬ್ರೆಡ್ಡು ತಿಂದು ಬಂದರು ಎಂದು ಅಕ್ಕ ಹೇಳಿದಳು, ಬಾಳೆಹಣ್ಣನ್ನೂ ತಿಂದರಂತೆ, ಕುದಿಸದೆ. ಅದಾಗಿ ಐದು ತಿಂಗಳಾಯಿತು, ಗಂಟೆ ಮೂರು ಸಲ ಹೊಡೆದದ್ದು ನಾಲ್ಕೇ ದಿನ. ಪುಡಿಯಲ್ಲಿ ಜೀವ ಇತ್ತೋ ಇಲ್ಲವೋ ಮುಂದಿನ ವರ್ಷ ಗೊತ್ತಾಗುತ್ತದೆ. ಆ ತಗಡಿನ ಬೋರ್ಡು ಮಾತ್ರ, ಭಾವ ಆ ಪೆಟ್ಟಿಗೆಯಲ್ಲಿ ಕೂತ ಮೊದಲ ದಿನದಿಂದಲೂ ನನ್ನ ಚೀಲದಲ್ಲೇ ಇತ್ತು.